ಉಪ್ಪಿನ ಕಾದಂಬರಿಯಲ್ಲಿ ಹಿಮ

ಹವಾಮಾನದ ಒಂದು ವಾಕ್ಯ ಕೇಳಿ ಅದು ಯಾವ ಪುಸ್ತಕದ್ದೆಂದು ಹೇಳುವುದರಲ್ಲಿ ಅವನನ್ನು ಸೋಲಿಸಬಲ್ಲವರು ಭೂಮಿಯ ಮೇಲೆ ಇರಲಿಲ್ಲ. ಸಮುದ್ರದೊಳಗೆ ಇದ್ದಾರೆಂಬ ಸುದ್ದಿಯೂ ಬಂದಿರಲಿಲ್ಲ. ಗ್ರಂಥಾಲಯದ ನೆಲಮಾಳಿಗೆಯ ಬೈಂಡಿಂಗ್ ಕೋಣೆಗೆ ಹರಿದ ಪುಸ್ತಕಗಳು ಗುಡ್ಡಗುಡ್ಡವಾಗಿ ಇಳಿದು ಬರುತ್ತಿದ್ದವು, ಗುಡ್ಡದ ಬುಡದಲ್ಲಿ ಎಲ್ಲಿಂದ ಉದುರಿದವೋ ತಿಳಿಯದ ಬಿಡಿ ಹಾಳೆಗಳು. ಬೇರೆ ಬೈಂಡರುಗಳಾಗಿದ್ದರೆ ಪುಟಸಂಖ್ಯೆ ನೋಡುತ್ತಿದ್ದರು, ಕಾಗದ ಸವರುತ್ತಿದ್ದರು, ಕತೆ ಹೊಂದುತ್ತದೆಯೇ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಅವನು ಹಾಳೆಯಲ್ಲಿ ಒಂದು ಮಳೆಯನ್ನೋ ಬಿಸಿಲನ್ನೋ ಹುಡುಕುತ್ತಿದ್ದ, ಅಷ್ಟೆ. ಪಾತ್ರಗಳ ಬಾಯಲ್ಲಿ ಯಾರ ಮಾತನ್ನು ಬೇಕಾದರೂ ತುರುಕಬಹುದು, ಆದರೆ ಮಳೆ ಬರೆಯುವಾಗ ಬರೆಯುವವನು ಸಿಕ್ಕಿಬೀಳುತ್ತಾನೆ ಎಂಬುದು ಅವನ ಸಿದ್ಧಾಂತ. ಒಬ್ಬನ ಮಳೆ ಯಾವಾಗಲೂ ಛಾವಣಿಯಿಂದ ಶುರುವಾಗುತ್ತದೆ, ಇನ್ನೊಬ್ಬನದು ಚಪ್ಪಲಿಯಿಂದ. ಒಬ್ಬಳ ಗಾಳಿ ಬರೀ ಪರದೆಯನ್ನಷ್ಟೇ ಅಲ್ಲಾಡಿಸುತ್ತದೆ, ಮರ ಗಿರ ಅದಕ್ಕೆ ಕಾಣುವುದೇ ಇಲ್ಲ. ಅರ್ಧ ವಾಕ್ಯ ಓದಿ, ಕಣ್ಣು ಮುಚ್ಚಿ, ಮೂಗನ್ನು ಸ್ವಲ್ಪ ಮೇಲೆತ್ತಿ ಅವನು ಪುಸ್ತಕದ ಹೆಸರು ಹೇಳಿದನೆಂದರೆ ಮಹಡಿಯ ಮೇಲಿನ ಗ್ರಂಥಪಾಲಕರೂ ಪೆನ್ನು ಕೆಳಗಿಡುತ್ತಿದ್ದರು. ಅವರೇ ಅವನಿಗೆ ಹವಾಮಾನ ಇಲಾಖೆ ಎಂದು ಹೆಸರಿಟ್ಟದ್ದು. ಬರಬರುತ್ತ ಹವಾಮಾನ ಬಿದ್ದುಹೋಗಿ ಬರೀ ಇಲಾಖೆ ಉಳಿಯಿತು.

ಆ ಶನಿವಾರ ಬೆಳಿಗ್ಗೆ ಇಲಾಖೆ ಮೇಜಿನ ಮುಂದೆ ಕೂತು ತನ್ನದೇ ಹೊಲಿಗೆಯನ್ನು ಬಿಚ್ಚುತ್ತಿದ್ದ. ಉಪ್ಪಿನ ವ್ಯಾಪಾರಿಯ ಮನೆತನದ ಕಾದಂಬರಿ ಅದು. ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವನೇ ರಟ್ಟು ಕಟ್ಟಿದ್ದ ಪ್ರತಿ. ಅದನ್ನು ಅತ್ತೆ ಎರವಲು ತಂದು, ಹಿಂದಿರುಗಿಸಿ, ಮತ್ತೆ ತಂದು, ಬೆನ್ನು ಮುರಿಯುವ ತನಕ ಓದಿದ್ದರು. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅದನ್ನು ಅವನ ಮುಂದೆ ತಳ್ಳಿ, "ಅಳಿಯಂದಿರೇ, ಇದಕ್ಕೆ ಸ್ವಲ್ಪ ಜೀವ ತುಂಬ್ಕೊಂಡ್ ಬನ್ನಿ. ಸಂಜೆ ಆಟಕ್ಕೆ ಪುಸ್ತಕ ಬೇಡ, ವಾಕ್ಯ ನಂಗೆ ಬಾಯಿಪಾಠ ಇದೆ. ಇವತ್ತು ಆ ಎದುರುಮನೆ ಕನ್ನಡಕದವರಿಗೆ ಹಿಮದ ವಾಕ್ಯ ಹಾಕ್ತೀನಿ. ಉಪ್ಪಿನ ಕಾದಂಬರಿ ಮೂರು ಸಲ ಓದಿದೀನಿ ಅಂತ ಕೊಚ್ಕೋತಾರಲ್ಲ, ನೋಡೇ ಬಿಡೋಣ" ಎಂದಿದ್ದರು. ಶನಿವಾರ ಸಂಜೆ ಮನೆಯಲ್ಲಿ ಅದೇ ಆಟ: ಒಬ್ಬರು ಹವಾಮಾನದ ವಾಕ್ಯ ಹೇಳಬೇಕು, ಉಳಿದವರು ಪುಸ್ತಕ ಗುರುತಿಸಬೇಕು. ದೂರವಾಣಿ ಕೇಂದ್ರದಲ್ಲಿ ಕೂತು ಇಡೀ ಊರಿನ ಕರೆಗಳನ್ನು ಜೋಡಿಸಿ ನಿವೃತ್ತರಾದ ಧ್ವನಿ. ಅತ್ತೆ ಉಪ್ಪು ಕೇಳಿದರೂ ಯಾವುದೋ ದೂರದೇಶದಿಂದ ತುರ್ತು ಕರೆ ಬಂದ ಹಾಗೆ ಇರುತ್ತಿತ್ತು. ಅವನು ನಗುತ್ತಲೇ ಹೊರಟಿದ್ದ. ನಗುತ್ತಲೇ ದಾರ ಕತ್ತರಿಸುತ್ತ ಬಂದಿದ್ದ. ಹಳೆಯ ಹೊಲಿಗೆ ಬಿಗಿಯಾಗಿತ್ತು, ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಹೆದರಿಕೆಯ ಬಿಗಿ. ಈಗಿನ ಅವನ ಕೈ ಅಷ್ಟು ಹೆದರುವುದಿಲ್ಲ. ಪುಸ್ತಕ ಎಡಗೈಯಲ್ಲಿ ಕಂತೆಕಂತೆಯಾಗಿ ಬಿಚ್ಚಿಕೊಂಡಿತು. ನಡುವೆ ಒಂದೇ ಒಂದು ಹಾಳೆ, ಕಂತೆಗೆ ಸೇರದೆ, ಅಂಚಿಗೆ ತೆಳು ಕಾಗದ ಅಂಟಿಸಿ ಸೇರಿಸಿದ್ದು, ತಾನಾಗಿಯೇ ಕಳಚಿ ಮೇಜಿನ ಮೇಲೆ ಕೂತಿತು. ಪುಟಸಂಖ್ಯೆಯಿದ್ದ ಮೂಲೆಯನ್ನು ಯಾವ ಕಾಲದಲ್ಲೋ ಹುಳ ತಿಂದಿತ್ತು.

'ಹೊರಗೆ ಹಿಮ ಬೀಳುತ್ತಿತ್ತು, ಯಾರನ್ನೂ ಎಬ್ಬಿಸಬಾರದೆಂದು ಬರಿಗಾಲಲ್ಲಿ ಓಡಾಡುವವರ ಹಾಗೆ.'

ಅತ್ತೆಯ ಬಾಯಲ್ಲಿ ಈ ವಾಕ್ಯವನ್ನು ಅವನು ಲಕ್ಷ ಸಲ ಕೇಳಿದ್ದ. ಕಣ್ಣಿನಿಂದ ಓದಿದ್ದು ಮಾತ್ರ ಇದೇ ಮೊದಲು. ಕೇಳುವಾಗ ಅದು ಅತ್ತೆಯದಾಗಿತ್ತು, ಅದಕ್ಕೆ ಮೂಗೆತ್ತುವ ಅಗತ್ಯ ಬಿದ್ದಿರಲಿಲ್ಲ. ಈಗ, ಯಾರೂ ಕೇಳದಿದ್ದರೂ, ಅವನ ಕಣ್ಣು ತಾನಾಗಿ ಮುಚ್ಚಿತು, ಮೂಗು ತಾನಾಗಿ ಮೇಲೆದ್ದಿತು, ಒಳಗಿನಿಂದ ಉತ್ತರ ಗಂಟೆ ಹೊಡೆದ ಹಾಗೆ ಬಂತು. ಗಡಿಯಾರ ರಿಪೇರಿಯವನ ಕಾದಂಬರಿ. ಅದರಲ್ಲಿ ಹವಾಮಾನಕ್ಕೆಲ್ಲ ಕಾಲಿರುತ್ತದೆ. ಮಳೆಗೆ ಹಿಮ್ಮಡಿ, ಗಾಳಿ ಕುಂಟುತ್ತದೆ, ಮಂಜು ಮಂಡಿಯೂರುತ್ತದೆ. ಉಪ್ಪಿನ ಕಾದಂಬರಿಯವನಿಗೋ ಇರುವುದು ನಾಲಿಗೆ ಮಾತ್ರ, ಅವನ ಬಿಸಿಲನ್ನು ಮೊದಲಿನಿಂದ ಕೊನೆಯವರೆಗೆ ನೆಕ್ಕಿಯೇ ನೋಡಬೇಕು. ಇಲಾಖೆ ಹಾಳೆ ತಿರುವಿದ. ಹಿಂಬದಿಯಲ್ಲಿ ಒಂದು ಲೋಲಕ ನಿಂತುಹೋಗಿ ಅಧ್ಯಾಯ ಮುಗಿಯುತ್ತಿತ್ತು. ಉಪ್ಪಿನ ವ್ಯಾಪಾರಿಯ ಮನೆಯಲ್ಲಿ ಲೋಲಕದ ಗಡಿಯಾರವೇ ಇರಲಿಲ್ಲ. ಉಪ್ಪಿನ ಕಾದಂಬರಿಯಲ್ಲಿ ಆ ಹಾಳೆಗೆ ಹಿಂದಿನ ಕಂತೆಯ ಕೊನೆಯ ಸಾಲು ನೋಡಿದ: 'ಅವಳು ಬಾಗಿಲು ತೆರೆದಳು.' ಆಹಾ, ಎಂಥ ಸೊಗಸಾದ ಸೇರುವೆ. ಎರಡೂ ಒಂದೇ ಮುದ್ರಣಾಲಯದ ಪುಸ್ತಕ, ಅದೇ ಅಚ್ಚು, ಅದೇ ಅಳತೆ. ಬಾಗಿಲು ತೆರೆದಾಗ ಹೊರಗೆ ಏನಾದರೂ ಬೀಳಲೇಬೇಕಲ್ಲ ಎಂದು, ಕಳೆದುಹೋದ ಹಾಳೆಯ ಜಾಗದಲ್ಲಿ ಇನ್ನೊಂದು ಪುಸ್ತಕದ ಹಿಮ ಸುರಿಸಿ, ಅಂಟು ಬಳಿದು, ಭಾರದಡಿ ಒತ್ತಿ, ಶಿಳ್ಳೆ ಹಾಕುತ್ತ ಮನೆಗೆ ಹೋಗಿದ್ದ ಒಬ್ಬ ಎಳೆಯ ಬೈಂಡರು. ಅವನ ಕಿವಿ ಈಗ ಬಿಸಿಯಾಯಿತು, ನೆಲಮಾಳಿಗೆಯ ದೀಪ ಆರಿಸಿದರೂ ಆ ಕಿವಿಗಳ ಬೆಳಕಿನಲ್ಲಿ ಕೆಲಸ ಮಾಡಬಹುದಾಗಿತ್ತು.

ಮದುವೆಯಾದ ಮೊದಲ ತಿಂಗಳು ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಪುಸ್ತಕ ಓದ್ತೀರಾ, ಇಲ್ಲ ಬರೀ ಹೊಲೀತೀರಾ?" ಎಂದು ಕೇಳಿದ್ದು ಅವನಿಗೆ ಈಗಲೂ ಊಟದ ನಡುವೆ ನೆನಪಾಗುತ್ತದೆ, ತುತ್ತು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಶನಿವಾರದ ಆಟ ಆಗಲೂ ಇತ್ತು. ಅವನಿಗೆ ಬಾಗಿಲ ಬಳಿಯ ಸ್ಟೂಲು, ಕಪ್ಪುಗಳನ್ನು ಒಳಗೆ ಒಯ್ಯುವ ಕೆಲಸ. ಆಮೇಲೆ ಮಾವ ತೀರಿಕೊಂಡರು. ಅತ್ತೆ ಮಾತು ನಿಲ್ಲಿಸಿದರು, ಆ ಧ್ವನಿ ನಿಂತ ಮನೆಯಲ್ಲಿ ನಲ್ಲಿಯ ತೊಟ್ಟಿಕ್ಕುವಿಕೆ ಸಿಡಿಲಿನಂತೆ ಕೇಳುತ್ತಿತ್ತು. ಏನು ಮಾಡುವುದೆಂದು ತೋಚದೆ ಅವನು ತಾನೇ ಕಟ್ಟಿದ ಒಂದು ಪುಸ್ತಕವನ್ನು ಗ್ರಂಥಾಲಯದಿಂದ ತಂದು ಅವರ ಮಂಚದ ಪಕ್ಕ ಇಟ್ಟ. ಓದಿ ತಂದದ್ದಲ್ಲ, ರಟ್ಟಿನ ನೀಲಿ ಬಣ್ಣ ಚೆನ್ನಾಗಿ ಬಂದಿತ್ತೆಂದು ತಂದದ್ದು. ಕೆಲವು ದಿನ ಕಳೆದು ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಹೇಳಿದ ಮೊದಲ ಮಾತು: "ಆ ಹಿಮದ ಪುಟ ಓದಿದೀರಾ?" ಉಪ್ಪಿನ ವ್ಯಾಪಾರಿ ಸತ್ತು, ಬಂದವರೆಲ್ಲ ಹೋಗಿ, ಅವನ ಹೆಂಡತಿ ಒಬ್ಬಳೇ ಎದ್ದು ಬಾಗಿಲು ತೆರೆಯುತ್ತಾಳೆ. ಬಾಯಿ ಸುಡುವ ನಡುಬೇಸಿಗೆ, ಹೊರಗೆ ಹಿಮ. "ಕಾರಣ ಹೇಳೋದಿಲ್ಲ ಕಣ್ರೀ ಆ ಮನುಷ್ಯ. ಮುಂದಿನ ಪುಟದಲ್ಲಿ ಮತ್ತೆ ಬಿಸಿಲು. ಅದು ಹಂಗೇ ಇರುತ್ತೆ. ಗಂಡ ಸತ್ತ ಮನೆ ಬಾಗಿಲು ತೆಗೆದ್ರೆ ಹಂಗೇ ಇರುತ್ತೆ. ಎಷ್ಟು ಧೈರ್ಯ ಬೇಕು ಹಂಗೆ ಬರೆಯೋಕೆ." ಓದಿದೀರಾ ಎಂದಾಗ ಅವನು, ಓದದೇ ಏನು ಅತ್ತೆ, ಎಂದಿದ್ದ. ಆ ಶನಿವಾರ ಸ್ಟೂಲು ಹೋಗಿ ಕುರ್ಚಿ ಬಂತು. ಕುರ್ಚಿಗೆ ತಕ್ಕವನಾಗಲು ಅವನು ಓದತೊಡಗಿದ, ಎಂಥ ಓದು ಎಂದರೆ ಊರಿನ ದೀಪದ ಬೆಳಕೆಲ್ಲ ಅವನೊಬ್ಬನಿಗೇ ಖರ್ಚಾಯಿತು. ಅತ್ತೆ ಅಷ್ಟು ಹೊಗಳಿದ ಪುಟವನ್ನು ಮಾತ್ರ ಬಿಟ್ಟು. ಅದನ್ನು ಓದಿಯಾಗಿದೆ ಎಂದು ಹೇಳಿಬಿಟ್ಟಿದ್ದನಲ್ಲ.

ಅವನು ಕಪಾಟಿಗೆ ಹೋಗಿ ಗಡಿಯಾರದ ಕಾದಂಬರಿಯನ್ನು ತಂದ. ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದ. ಅಲ್ಲಿ ಒಂದು ಹಾಳೆ ಇರಲೇ ಇಲ್ಲ. ಲೋಲಕ ನಿಲ್ಲದೆಯೇ ಅಧ್ಯಾಯ ನಿಂತಿತ್ತು. ಇಷ್ಟು ವರ್ಷ ಒಬ್ಬ ಓದುಗನೂ ದೂರು ಕೊಟ್ಟಿರಲಿಲ್ಲ.

ಎದುರಿನ ಮೇಜಿನಲ್ಲಿ ಹೊಲಿಗೆಯ ಕೆಲಸದ ಹೆಂಗಸು, ಎಲ್ಲರೂ ಸೂಜಿಯಕ್ಕ ಎನ್ನುವವರು, ದಾರಕ್ಕೆ ಮೇಣ ಸವರುತ್ತಿದ್ದರು. "ಏನ್ ಇಲಾಖೆ, ಚಂಡಮಾರುತ ಗಿಂಡಮಾರುತ ಬರ್ತಿದ್ಯಾ? ಮುಖದ ಬಣ್ಣ ಹೋಗಿದೆ."

ಅವನು ಹೇಳಿದ. ಪೂರ್ತಿ ಹೇಳಿದ. ಸೂಜಿಯಕ್ಕ ಕೇಳುತ್ತ ಕೇಳುತ್ತ ಸೂಜಿಯನ್ನು ಸೀರೆಯ ಭುಜಕ್ಕೆ ಚುಚ್ಚಿಕೊಂಡು ನಕ್ಕರು. ಕಪಾಟುಗಳ ಮೇಲಿನ ಧೂಳು ಹಾರುವಷ್ಟು ನಕ್ಕರು.

"ನಗಬೇಡಿ ಅಕ್ಕ. ಕನ್ನಡಕದವರ ಹತ್ರ ಅವರದ್ದೇ ಪ್ರತಿ ಇದೆ. ಸಂಜೆ ತೆಗೆದು ತೋರಿಸ್ತಾರೆ. ಎಲ್ಲರ ಮುಂದೆ ಅತ್ತೆ ಮಾನ ಹೋಗುತ್ತೆ."

"ಮಾನ ಹೋದ್ರೆ ಇನ್ನೊಂದ್ ಶನಿವಾರ ಬರುತ್ತೆ."

"ಬರೀ ಆಟ ಅಲ್ಲ ಅಕ್ಕ ಅದು. ಆ ಪುಟ ಇಟ್ಕೊಂಡೇ ಅವರು ಎದ್ದಿದ್ದು."

ಸೂಜಿಯಕ್ಕ ನಗು ನಿಲ್ಲಿಸಿದರು. ಹಾಳೆಯನ್ನು ಎತ್ತಿ ದೀಪದತ್ತ ಹಿಡಿದು ಅದರ ಅಂಚಿನ ಅಂಟನ್ನು ನೋಡಿದರು. "ಕೆಲಸ ಏನೋ ಚೆನ್ನಾಗೇ ಮಾಡಿದೀಯ. ಕಳಚಿ ಬಿದ್ದಿದ್ರೆ ಯಾವತ್ತೋ ಗೊತ್ತಾಗೋದು" ಎಂದರು. ಅದು ಹೊಗಳಿಕೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. ಹೊಟ್ಟೆಯೊಳಗೆ ಎಲ್ಲೋ ಒಂದು ಸಣ್ಣ, ನಾಚಿಕೆಗೆಟ್ಟ ಸಂತೋಷ ಬಾಲ ಅಲ್ಲಾಡಿಸಿದ್ದಂತೂ ನಿಜ.

ಸಂಜೆ ಮನೆಗೆ ನಡೆಯುವಾಗ ಬೀದಿ ಎಂದಿನಂತೆಯೇ ಇತ್ತು, ಅದೇ ಅವನಿಗೆ ಸಹಿಸಲಾಗಲಿಲ್ಲ. ಸೈಕಲ್ ಅಂಗಡಿಯವನು ಚಕ್ರ ತಿರುಗಿಸಿ ಕಿವಿಯಿಟ್ಟು ಕೇಳುತ್ತಿದ್ದ, ಒಬ್ಬಳು ಮಹಡಿಯಿಂದ ಚಾದರ ಕೊಡವುತ್ತಿದ್ದಳು. ಮೋಡ ಕವಿದಿತ್ತು, ಬಿಸಿಲೂ ಇತ್ತು. ಇಂಥ ಸಂಜೆ ಯಾವ ಪುಸ್ತಕದ್ದು ಎಂದು ಯಾರಾದರೂ ಕೇಳಿದ್ದರೆ ಅವನ ಬಳಿ ಉತ್ತರ ಇರಲಿಲ್ಲ. ಒಂದು ಸುಳ್ಳು ಆಗಲೇ ತಯಾರಾಗಿತ್ತು, ತಿದ್ದಿ ತೀಡಿ, ಇಸ್ತ್ರಿ ಹಾಕಿ: ಮೊದಲ ಮುದ್ರಣದಲ್ಲಿ ಹಿಮ ಇತ್ತು, ಎರಡನೆಯದರಲ್ಲಿ ಲೇಖಕನೇ ತೆಗೆದುಹಾಕಿದ. ಇಲಾಖೆ ಹೇಳಿದರೆ ಯಾರು ಇಲ್ಲವೆನ್ನುತ್ತಾರೆ. ಆ ಸುಳ್ಳು ಎಷ್ಟು ಚೆಲುವಾಗಿತ್ತೆಂದರೆ ತಿರುವಿನಲ್ಲಿ ಅವನು ಅದನ್ನು ತಾನೇ ನಂಬಿ ನಿಟ್ಟುಸಿರಿಟ್ಟ. ಮನೆಯ ಮೆಟ್ಟಿಲ ಮೇಲೆ ಹೆಂಡತಿ ಕುರ್ಚಿಯೊಂದನ್ನು ಎಳೆಯುತ್ತ, "ರೀ, ಏನಾಯ್ತು? ಮುಖ ಒಣಗಿದ ಅಂಟಿನ ಡಬ್ಬಿ ಆಗಿದೆ" ಎಂದಳು. ಏನಿಲ್ಲ ಎಂದ. ಏನಿಲ್ಲ ಅಂದ್ರೆ ಏನೋ ಇದೆ ಅಂತ, ಎನ್ನುತ್ತ ಅವಳು ಕುರ್ಚಿಯ ಇನ್ನೊಂದು ಕಾಲನ್ನು ಅವನ ಕೈಗೆ ಕೊಟ್ಟಳು.

ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಕಿಟಕಿಯ ಬಳಿ ಕೂತಾಗಿತ್ತು. ಅವನು ಪಕ್ಕಕ್ಕೆ ಹೋಗಿ ಬಗ್ಗಿದ. "ಅತ್ತೆ, ಇವತ್ತು ಬೇರೆ ವಾಕ್ಯ ಹಾಕಿದ್ರೆ ಹೇಗೆ? ಆ ಆಲಿಕಲ್ಲಿಂದು ಇದೆಯಲ್ಲ, ಯಾರಿಗೂ ಗೊತ್ತಾಗಲ್ಲ."

"ಯಾಕೆ? ಹಿಮಕ್ಕೇನಾಗಿದೆ?"

"ಏನೂ ಆಗಿಲ್ಲ. ಸುಮ್ನೆ ಹೇಳ್ದೆ."

"ಈ ವಯಸ್ಸಲ್ಲಿ ಆಲಿಕಲ್ಲು ಯಾರಿಗೆ ಬೇಕ್ರೀ" ಎಂದು ಅತ್ತೆ ಕನ್ನಡಿಯಿಲ್ಲದೆಯೇ ಹಣೆಯ ಕೂದಲು ಸರಿಪಡಿಸಿಕೊಂಡರು.

ಕನ್ನಡಕದವರು ಬಂದರು. ಎದುರು ಮನೆಯವರು, ಮುಖ್ಯಬೀದಿಯಲ್ಲಿ ಕನ್ನಡಕದ ಅಂಗಡಿ, ಮನೆಯಲ್ಲಿ ಗಾಜಿನ ಕಪಾಟುಗಳು, ಕಪಾಟುಗಳಲ್ಲಿ ಸಾಲಾಗಿ ನಿಂತ ಪುಸ್ತಕಗಳು. ಅವನ್ನು ಒರೆಸುವ ಬಟ್ಟೆಯೂ ಮಸೂರ ಒರೆಸುವ ಬಟ್ಟೆಯೇ ಎಂದು ಜನ ಹೇಳುತ್ತಿದ್ದರು. ಹೆಂಡತಿ ಮಕ್ಕಳಿಲ್ಲದ ಮನುಷ್ಯ, ಶನಿವಾರ ಮಾತ್ರ ಗಡ್ಡ ತೀಡಿಸಿಕೊಂಡು ಬರುತ್ತಿದ್ದರು. ಒಂದೆರಡು ಮಳೆ, ಒಂದು ಚಳಿಗಾಲದ ಬೆಳಗು ಮುಗಿಯಿತು, ಇಲಾಖೆಯ ಮೂಗು ಒಮ್ಮೆಯೂ ಮೇಲೇಳಲಿಲ್ಲ. ಆಮೇಲೆ ಅತ್ತೆ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು, ಕರೆ ಜೋಡಿಸುವ ಆ ಧ್ವನಿಯಲ್ಲಿ, ವಾಕ್ಯ ಹೇಳಿದರು. ಕೋಣೆ ಒಂದಿಷ್ಟು ತಣ್ಣಗಾಯಿತು. ಇದು ಉತ್ಪ್ರೇಕ್ಷೆಯಲ್ಲ, ಅವನ ಹೆಂಡತಿ ಸೆರಗು ಹೊದ್ದುಕೊಂಡಳು.

"ಗಡಿಯಾರ ರಿಪೇರಿಯವನ ಕಾದಂಬರಿ" ಎಂದರು ಕನ್ನಡಕದವರು, ಯೋಚಿಸಲೂ ಇಲ್ಲ.

"ತಪ್ಪು" ಎಂದರು ಅತ್ತೆ. ಅವರ ಮುಖದಲ್ಲಿ ಎಂಥ ಸುಖವಿತ್ತೆಂದರೆ ಅವನು ನೆಲ ನೋಡಿದ. "ಉಪ್ಪಿನ ಕಾದಂಬರಿ. ಮೂರು ಸಲ ಓದಿದೀನಿ ಅಂತೀರಿ."

"ಓದಿದೀನಮ್ಮ. ಅದರಲ್ಲಿ ಹಿಮ ಎಲ್ಲಿಂದ ಬರಬೇಕು?"

"ಬಾಗಿಲು ತೆರೆದಾಗ ಬರುತ್ತೆ."

"ಬರೋದಿಲ್ಲ."

"ಬರುತ್ತೆ ಅಂದ್ನಲ್ಲ. ತಗೊಂಡ್ ಬನ್ನಿ ನಿಮ್ಮ ಪ್ರತಿ."

ಕನ್ನಡಕದವರು ಎದ್ದು ಹೋದರು. ಅವರು ಬೀದಿ ದಾಟಿ ಬರುವಷ್ಟರಲ್ಲಿ ಅವನು ಒಂದು ಪೂರ್ತಿ ಆಯುಷ್ಯ ಬದುಕಿ, ಮುದುಕನಾಗಿ, ಮತ್ತೆ ಹುಟ್ಟಿದ. ಅತ್ತೆ ಅವನತ್ತ ತಿರುಗಿ ಹುಬ್ಬು ಕುಣಿಸಿದರು: ನೋಡ್ತಿರಿ ಮಜಾ. ಆ ಹುಬ್ಬು ಅವನ ಎದೆಗೆ ನಾಟಿತು. ಕನ್ನಡಕದವರು ಬಂದು, ಪುಸ್ತಕವನ್ನು ಮೇಜಿನ ಮೇಲಿಟ್ಟು, ಹುಡುಕುತ್ತ ಹುಡುಕುತ್ತ ನಡುವಿಗೆ ಬಂದು ಅದನ್ನು ಅಗಲಿಸಿದರು. ಬೆನ್ನಿನೊಳಗೆ ಅಂಟು ಟಪ್ಪೆಂದಿತು.

ಬೇರೆ ಯಾರಿಗೂ ಆ ಶಬ್ದ ಏನೂ ಅಲ್ಲ. ಅವನಿಗೆ ಅದು ಫಿರಂಗಿ. ಮುದ್ರಣಾಲಯ ಬಿಟ್ಟ ಮೇಲೆ ಮೊದಲ ಬಾರಿ ಬಾಯಿ ಬಿಟ್ಟ ಪುಸ್ತಕದ ಶಬ್ದ ಅದು. ಈ ಪುಸ್ತಕವನ್ನು ಮೂರು ಸಲ ಅಲ್ಲ, ಮುಕ್ಕಾಲು ಸಲವೂ ಯಾರೂ ಓದಿರಲಿಲ್ಲ. ಉಪ್ಪಿನಲ್ಲಿ ಹಿಮ ಇರಲಾರದೆಂದು ಆ ಮನುಷ್ಯ ಹೇಳಿದ್ದು ರಟ್ಟಿನ ಮೇಲಿನ ಚಿತ್ರ ನೋಡಿ ಇರಬೇಕು. ಅಡ್ಡದಾರಿ ಎಷ್ಟು ಹತ್ತಿರವಿತ್ತು. ಒಂದೇ ಮಾತು: ಈ ಪುಸ್ತಕ ನೀವು ತೆರೆದೇ ಇಲ್ಲವಲ್ಲ. ಕನ್ನಡಕದವರ ಮೂರು ಸಲ ಅಲ್ಲೇ ಕುಸಿಯುತ್ತಿತ್ತು, ಅದರ ಧೂಳಿನಲ್ಲಿ ಎರಡನೇ ಮುದ್ರಣದ ಸುಳ್ಳೂ ಸಲೀಸಾಗಿ ನಡೆದುಹೋಗುತ್ತಿತ್ತು, ಅತ್ತೆ ಗೆಲ್ಲುತ್ತಿದ್ದರು, ಹಿಮ ಬೀಳುತ್ತಲೇ ಇರುತ್ತಿತ್ತು. ಅವನು ಬಾಯಿ ತೆರೆದ. ಕನ್ನಡಕದವರ ತೋರುಬೆರಳು ಸಾಲಿನಿಂದ ಸಾಲಿಗೆ ದಾರಿ ತಡಕುತ್ತಿತ್ತು. ಶನಿವಾರಕ್ಕೆಂದು ತೀಡಿಸಿಕೊಂಡ ಗಡ್ಡದ ಅಂಚಿನಲ್ಲಿ ಒಂದು ಹೊಸ ಗೀರು. ಇವನಿಗೂ ಒಂದು ಸ್ಟೂಲು ಇರಬೇಕು, ಎಲ್ಲೋ ಒಳಗೆ, ಬಾಗಿಲ ಬಳಿ, ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ ಬಾಯಿ ಮುಚ್ಚಿತು.

"'ಅವಳು ಬಾಗಿಲು ತೆರೆದಳು'" ಎಂದು ಓದಿದರು ಕನ್ನಡಕದವರು. "'ಹೊರಗೆ ಬಿಸಿಲು, ನಾಲಿಗೆಯ ಮೇಲೆ ಕಬ್ಬಿಣವಿಟ್ಟ ಹಾಗೆ. ಲಾರಿ ಇನ್ನೂ ಬಂದಿರಲಿಲ್ಲ.' ಅಷ್ಟೇ ಅಮ್ಮ. ಮುಂದೆ ಲಾರಿಯವನ ಜೊತೆ ಮಾತು."

ಅತ್ತೆ ಪುಸ್ತಕ ಇಸಿದುಕೊಂಡು ತಾವೇ ನೋಡಿದರು. ಇನ್ನೊಮ್ಮೆ ನೋಡಿದರು. ಅವರ ತುಟಿ ಅಲುಗಿತು, ಧ್ವನಿ ಬರಲಿಲ್ಲ, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ ತಲೆಯೆತ್ತಿ, "ಇಲಾಖೆಯವರೇ" ಎಂದರು. ಅವರು ಅವನನ್ನು ಹಾಗೆ ಕರೆದದ್ದೇ ಇಲ್ಲ. "ನೀವು ಹೇಳಿ. ಯಾರದ್ದು ವಾಕ್ಯ?"

"ಗಡಿಯಾರದವನದ್ದು, ಅತ್ತೆ."

ಹೆಂಡತಿ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟಳು.

"ವಾಕ್ಯ ಅವನದ್ದು. ಆದ್ರೆ ಆ ಬಾಗಿಲ ಹೊರಗೆ ಹಾಕಿದ್ದು ನಾನು. ನಂಗೂ ಇವತ್ತೇ ಗೊತ್ತಾಗಿದ್ದು, ಪುಸ್ತಕ ಬಿಚ್ಚಿದಾಗ. ಬಿಡಿ ಹಾಳೆ ಸಿಕ್ಕಿತ್ತು, ಸೇರುತ್ತೆ ಅನ್ನಿಸ್ತು, ಅಂಟಿಸ್ದೆ. ಆಗ ನಾನು ಓದ್ತಾನೇ ಇರ್ಲಿಲ್ಲ. ಬರೀ ಹೊಲೀತಿದ್ದೆ."

ಸ್ಟೂಲು ಎಲ್ಲಿದೆಯೆಂದು ಅವನು ಕಣ್ಣಂಚಿನಲ್ಲಿ ಹುಡುಕಿದ, ನಿಜವಾಗಿಯೂ ಹುಡುಕಿದ. ಅತ್ತೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. ಕಿಟಕಿಯಿಂದ ಹೊರಗೆ ನೋಡಿದರು, ಅಲ್ಲಿ ಸೈಕಲ್ ಅಂಗಡಿಯವನು ಬಾಗಿಲು ಹಾಕುತ್ತಿದ್ದ. ಎಷ್ಟು ಹೊತ್ತು ನೋಡಿದರೆಂದರೆ ಅಷ್ಟರಲ್ಲಿ ಒಂದು ಕಾದಂಬರಿ ಬರೆದು, ಅಚ್ಚು ಹಾಕಿ, ಮರೆತೂ ಬಿಡಬಹುದಾಗಿತ್ತು. ಆಮೇಲೆ ಅವರ ಭುಜ ಅಲುಗಿತು. ಅಳು ಎಂದುಕೊಂಡು ಹೆಂಡತಿ ಎದ್ದಳು, ಅದು ಅಳುವಾಗಿರಲಿಲ್ಲ.

"ನೋಡಿದ್ರಾ" ಎಂದರು ಅತ್ತೆ ಕನ್ನಡಕದವರಿಗೆ, ಕಣ್ಣೊರೆಸಿಕೊಳ್ಳುತ್ತ. "ಇಷ್ಟು ವರ್ಷ ಆ ಉಪ್ಪಿನವನ ಧೈರ್ಯ ಹೊಗಳಿ ಹೊಗಳಿ ನನ್ನ ಬಾಯಿ ಸವೀತು. ಅವನು ಬರೀ ಲಾರಿ ಕರೆಸಿದಾನೆ. ಲಾರಿ. ನಮ್ಮ ಅಳಿಯಂದಿರು ಹಿಮ ತರಿಸಿದಾರೆ." ಅವರು ಕನ್ನಡಕದವರ ಪ್ರತಿಯನ್ನು ಮುಚ್ಚಿ, ಜ್ವರದವರ ಕೈ ತಟ್ಟಿದ ಹಾಗೆ ತಟ್ಟಿ ಹಿಂದೆ ಕೊಟ್ಟರು. "ಪಾಪ, ನಿಮ್ಮದರಲ್ಲಿ ಇಲ್ಲ."

"ಅತ್ತೆ, ಗ್ರಂಥಾಲಯದ್ದು ಸರಿ ಮಾಡ್ಲೇಬೇಕಾಗುತ್ತೆ" ಎಂದ ಅವನು. "ಆ ಹಾಳೆ ಅದರ ಪುಸ್ತಕಕ್ಕೆ ಹೋಗಬೇಕು."

"ಹೋಗ್ಲಿ, ಮಾಡಿ. ಅದು ಕೆಲಸ. ಆದ್ರೆ ನಂಗೆ ಅಂತ ಒಂದು ಪ್ರತಿ ಕಟ್ಟಿಕೊಡಿ. ತಪ್ಪಿರೋದು." ಸ್ವಲ್ಪ ತಡೆದು, ಧ್ವನಿ ಇಳಿಸಿ ಹೇಳಿದರು: "ಬಾಗಿಲು ತೆಗೆದಾಗ ನಂಗೆ ಲಾರಿ ಕಾಣ್ಲಿಲ್ಲ ಅಳಿಯಂದಿರೇ. ಬೇರೆಯವರಿಗೆ ಕಂಡಿರಬಹುದು."

ಅವನ ಕಿವಿಯ ಬಿಸಿ ಇಳಿಯಿತು. ಇಳಿದು ಎದೆಗೆ ಬಂದು ಅಲ್ಲೇ ಕಾಲು ಚಾಚಿ ಕೂತಿತು. ಹೆಂಡತಿ ಕಪ್ಪುಗಳನ್ನು ಜೋಡಿಸಿಕೊಂಡಳು, ಅವನು ಅಭ್ಯಾಸಬಲದಿಂದ ಕೈ ಚಾಚಿದರೆ, ಕೂತ್ಕೊಳ್ಳಿ ಸುಮ್ನೆ, ಎಂದು ಗದರಿದಳು. ಕನ್ನಡಕದವರು ಮಾತ್ರ ಎದ್ದಿರಲಿಲ್ಲ. ಗೆದ್ದವರು ಅವರೇ, ಅದು ಯಾರಿಗೂ ನೆನಪಿರಲಿಲ್ಲ, ಅವರಿಗೂ ಇದ್ದಂತಿರಲಿಲ್ಲ. ಪುಸ್ತಕವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತ ಕೂತಿದ್ದರು. ಕೊನೆಗೆ ಕುರ್ಚಿಯನ್ನು ಅವನ ಕಡೆ ಎಳೆದುಕೊಂಡು, ಅತ್ತೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ನನ್ನದಕ್ಕೂ ಅಂಥದ್ದೊಂದು ಹಾಳೆ ಹಾಕಿಸೋಕಾಗುತ್ತಾ? ಗಡಿಯಾರದ್ದು ನನ್ನ ಹತ್ರ ಎರಡು ಪ್ರತಿ ಇದೆ."

ಅವನು ಪುಸ್ತಕ ತೆಗೆದುಕೊಂಡ. ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ನೆಟ್ಟಗೆ, ಗಟ್ಟಿಯಾಗಿ, ಕವಾಯತಿಗೆ ನಿಂತ ಹಾಗಿತ್ತು ಅದು, ಒಂದೇ ಒಂದು ಕಡೆ, ಈಗಷ್ಟೇ ಆದ, ಕೂದಲೆಳೆಯಂಥ ಗೆರೆ. ತಲೆಯೆತ್ತಿದಾಗ ಕನ್ನಡಕದವರು ಅವನ ಹೆಬ್ಬೆರಳನ್ನೇ ನೋಡುತ್ತಿದ್ದರು.

"ಆಗುತ್ತೆ. ಅದಕ್ಕೇನಂತೆ" ಎಂದ ಅವನು, ಅಷ್ಟೇ ಸಣ್ಣ ದನಿಯಲ್ಲಿ. "ಇನ್ನೊಂದ್ ಸಲ ಓದ್ಕೊಂಡ್ ತನ್ನಿ. ಬೆನ್ನು ಸ್ವಲ್ಪ ಹದ ಆಗ್ಲಿ."

ಕನ್ನಡಕದವರು ಕನ್ನಡಕ ತೆಗೆದು, ಜೇಬಿನಿಂದ ಆ ಮೆತ್ತನೆಯ ಬಟ್ಟೆ ತೆಗೆದು, ಕೊಳೆಯೇ ಇಲ್ಲದ ಗಾಜನ್ನು ಬಹಳ ಹೊತ್ತು ಒರೆಸಿದರು.

"ಓದ್ತೀನಿ" ಎಂದರು. "ಈ ಸಲ ನಿಧಾನಕ್ಕೆ ಓದ್ತೀನಿ."